ಸ್ಟ್ರೋಕರ್ ಎಂಜಿನ್: ಕ್ರ್ಯಾಂಕ್ ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ಎಂಜಿನ್ನಿನ ಸಿಸಿ ಹೆಚ್ಚಿಸಲು ಇರುವುದು ಎರಡೇ ದಾರಿ. ಸಿಲಿಂಡರಿನ ಒಳಗಿನ ಅಗಲವನ್ನು, ಅಂದರೆ ಬೋರನ್ನು, ಹೆಚ್ಚಿಸುವುದು ಒಂದು. ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರವನ್ನು, ಅಂದರೆ ಸ್ಟ್ರೋಕನ್ನು, ಉದ್ದ ಮಾಡುವುದು ಇನ್ನೊಂದು. ಮೊದಲನೆಯದು ನಮ್ಮ ಭಾಗಕ್ಕೆ ಹಳೆಯ ಪರಿಚಯ. ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಿಂದ ಹಿಡಿದು ಹುಮನಾಬಾದ್, ಶಹಾಪುರದಂಥ ಊರುಗಳವರೆಗೆ, ಸವೆದ ಟ್ರ್ಯಾಕ್ಟರ್ ಎಂಜಿನ್ನಿಗೆ ಬೋರ್ ಹೊಡೆದು ಓವರ್‌ಸೈಜ್ ಪಿಸ್ಟನ್ ಕೂರಿಸುವ ಅಂಗಡಿ ಹುಡುಕಲು ಯಾರೂ ಕಷ್ಟಪಡಬೇಕಾಗಿಲ್ಲ. ಹಳೆಯ ಬುಲೆಟ್ 350 ಮತ್ತು 500 ಈ ದಾರಿಯ ಒಳ್ಳೆಯ ಉದಾಹರಣೆಗಳು: ಎರಡರ ಸ್ಟ್ರೋಕೂ 90 ಮಿಲಿಮೀಟರ್, ಬೋರ್ ಮಾತ್ರ 70ರಿಂದ 84ಕ್ಕೆ ಏರಿದ್ದರಿಂದ 346 ಸಿಸಿ ಇದ್ದದ್ದು 499 ಆಯಿತು. ಎರಡನೆಯ ದಾರಿ ಹಿಡಿದ ಎಂಜಿನ್ನನ್ನು ಸ್ಟ್ರೋಕರ್ ಎನ್ನುತ್ತಾರೆ. ಡ್ರ್ಯಾಗ್ ರೇಸಿಂಗ್‌ನಲ್ಲಿ, ಅಂದರೆ ನಿಂತಲ್ಲಿಂದ ಹೊರಟು ಕಾಲು ಮೈಲಿ, ಸುಮಾರು 402 ಮೀಟರ್, ನೇರ ದಾರಿಯನ್ನು ಆದಷ್ಟು ಬೇಗ ಮುಗಿಸುವ ಆಟದಲ್ಲಿ, ಈ ದಾರಿಗೆ ದೊಡ್ಡ ಹೆಸರಿದೆ. ಆದರೆ ಸ್ಟ್ರೋಕಿಗೆ ಸೇರಿಸಿದ ಪ್ರತಿ ಮಿಲಿಮೀಟರಿನ ಬೆಲೆಯನ್ನು ಎಂಜಿನ್ನಿನ ಬೇರೆಲ್ಲೋ ಒಂದು ಕಡೆ ತೆರಲೇಬೇಕು. ಆ ಬೆಲೆ ಎಲ್ಲೆಲ್ಲಿ, ಎಷ್ಟೆಷ್ಟು ಎಂಬುದನ್ನು ಕಾಗದದ ಮೇಲೆ ಮೊದಲೇ ಕಂಡುಕೊಳ್ಳಬಹುದು.

ಅದಕ್ಕೂ ಮೊದಲು ಒಂದು ತಪ್ಪು ಕಲ್ಪನೆಯನ್ನು ಪಕ್ಕಕ್ಕೆ ಸರಿಸಬೇಕು. ಸ್ಟ್ರೋಕ್ ಉದ್ದವಾದರೆ ಕ್ರ್ಯಾಂಕಿನ, ಅಂದರೆ ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿ ಬದಲಿಸುವ ದಂಡದ, ತೋಳು ಉದ್ದವಾಗುತ್ತದೆ, ತೋಳು ಉದ್ದವಾದರೆ ತಿರುಗಿಸುವ ಬಲ, ಅಂದರೆ ಟಾರ್ಕ್, ತಾನಾಗಿ ಹೆಚ್ಚುತ್ತದೆ ಎಂಬ ಮಾತನ್ನು ಗ್ಯಾರೇಜುಗಳಲ್ಲಿ ಮಾತ್ರವಲ್ಲ, ಮೆಕ್ಯಾನಿಕಲ್ ಓದುವ ಹುಡುಗರ ಬಾಯಲ್ಲೂ ಕೇಳುತ್ತೇವೆ. ಬುಲೆಟ್ 500ರ ಬೋರ್ 84, ಸ್ಟ್ರೋಕ್ 90. ಇದಕ್ಕೆ ಎದುರಾಗಿ ಬೋರ್ 90, ಸ್ಟ್ರೋಕ್ 78.5 ಇರುವ ಇನ್ನೊಂದು ಎಂಜಿನ್ನನ್ನು ಕಲ್ಪಿಸಿಕೊಳ್ಳೋಣ. ಅದೂ 499 ಸಿಸಿಯೇ ಆಗುತ್ತದೆ. ಎರಡರ ಪಿಸ್ಟನ್ನಿನ ಮೇಲೂ 10 ಬಾರ್ ಒತ್ತಡ ಬಿತ್ತೆಂದು ಹಿಡಿದರೆ, ಮೊದಲನೆಯದರ ಮೇಲೆ ಬೀಳುವ ಬಲ ಸುಮಾರು 5,540 ನ್ಯೂಟನ್, ಅದರ ತೋಳು 45 ಮಿಲಿಮೀಟರ್. ಎರಡನೆಯದರ ಮೇಲೆ ಬೀಳುವ ಬಲ ಸುಮಾರು 6,360 ನ್ಯೂಟನ್, ತೋಳು 39.25 ಮಿಲಿಮೀಟರ್. ಗುಣಿಸಿ ನೋಡಿದರೆ ಎರಡೂ ಕಡೆ 249 ನ್ಯೂಟನ್ ಮೀಟರಿನ ಆಸುಪಾಸಿಗೇ ಬಂದು ನಿಲ್ಲುತ್ತವೆ. ತೋಳಿನಲ್ಲಿ ಗಳಿಸಿದ್ದು ಪಿಸ್ಟನ್ನಿನ ಅಗಲದಲ್ಲಿ ಕಳೆದುಹೋಗುತ್ತದೆ. ಟಾರ್ಕ್ ನಿಂತಿರುವುದು ಒಟ್ಟು ಸಿಸಿಯ ಮೇಲೆ ಮತ್ತು ಪ್ರತಿ ಸಲ ಸಿಲಿಂಡರಿನೊಳಗೆ ಎಷ್ಟು ಗಾಳಿ ತುಂಬುತ್ತದೆ ಎಂಬುದರ ಮೇಲೆ. ಸಿಸಿಯನ್ನು ಬೋರ್‌ನಿಂದ ಪಡೆದರೋ ಸ್ಟ್ರೋಕಿನಿಂದ ಪಡೆದರೋ ಎಂಬುದರ ಮೇಲಲ್ಲ. ಟರ್ಬೊ ಮುಂತಾದವಿಲ್ಲದ, ಚೆನ್ನಾಗಿ ಕಟ್ಟಿದ ಪೆಟ್ರೋಲ್ ಎಂಜಿನ್ 100 ಸಿಸಿಗೆ ಸುಮಾರು 10ರಿಂದ 11 ನ್ಯೂಟನ್ ಮೀಟರ್ ಕೊಡುತ್ತದೆ ಎಂಬ ಅಂದಾಜನ್ನು ಇಟ್ಟುಕೊಂಡರೆ ಮುಂದಿನ ಲೆಕ್ಕಗಳಿಗೆ ಅನುಕೂಲ.

ಹಾಗಿದ್ದರೆ ಸ್ಟ್ರೋಕನ್ನೇ ಏಕೆ ಉದ್ದ ಮಾಡಬೇಕು? ಬೋರ್‌ಗೆ ಬ್ಲಾಕ್, ಅಂದರೆ ಸಿಲಿಂಡರುಗಳನ್ನು ಕೊರೆದಿರುವ ಎರಕ, ಅಡ್ಡ ನಿಲ್ಲುತ್ತದೆ, ಅದಕ್ಕೆ. ಅಮೆರಿಕದ ಷೆವರ್ಲೆ ಕಂಪನಿ 1955ರಲ್ಲಿ ತಂದ ಚಿಕ್ಕ ಬ್ಲಾಕಿನ ವಿ8 ಎಂಜಿನ್ನಿನ ಅಳತೆಗಳನ್ನೇ ಇಲ್ಲಿ ಬಳಸುತ್ತೇನೆ. ಅಂಥ ಎಂಜಿನ್ ಕಲಬುರಗಿಯ ರಸ್ತೆಯಲ್ಲಿ ಕಾಣಸಿಗುವುದಿಲ್ಲ. ಆದರೆ ಸ್ಟ್ರೋಕರ್ ವಿದ್ಯೆ ಹೆಚ್ಚಾಗಿ ಬೆಳೆದದ್ದು ಅದರ ಮೇಲೆಯೇ, ಮತ್ತು ಅದರ ಒಂದೊಂದು ಅಳತೆಯೂ ಜಗಜ್ಜಾಹೀರು. ಆ ಬ್ಲಾಕಿನಲ್ಲಿ ಒಂದು ಸಿಲಿಂಡರಿನ ನಡುವಿನಿಂದ ಪಕ್ಕದ ಸಿಲಿಂಡರಿನ ನಡುವಿಗೆ 111.76 ಮಿಲಿಮೀಟರ್ ದೂರವಿದೆ. ಬೋರ್ 102.4 ಮಿಲಿಮೀಟರಿಗೆ ಬಂದಾಗ ಎರಡು ಸಿಲಿಂಡರುಗಳ ನಡುವೆ ಉಳಿಯುವುದು 9.4 ಮಿಲಿಮೀಟರ್ ಮಾತ್ರ. ಎರಡು ಗೋಡೆಗಳೂ ಅಷ್ಟರಲ್ಲೇ ಆಗಬೇಕು, ಹೆಡ್ ಗ್ಯಾಸ್ಕೆಟ್ ಒತ್ತಿಕೊಳ್ಳುವ ಪಟ್ಟಿಯೂ ಅಷ್ಟರಲ್ಲೇ ಸಿಗಬೇಕು. ಎರಕದ ಸಾಮಾನ್ಯ ಬ್ಲಾಕ್ ಇದಕ್ಕಿಂತ ಹೆಚ್ಚು ತಾಳುವುದು ಕಷ್ಟ. ಬೋರ್‌ನ ದಾರಿ ಮುಗಿದ ಮೇಲೆ ಸ್ಟ್ರೋಕಿನ ದಾರಿ ಹಿಡಿಯುತ್ತಾರೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅಮೆರಿಕದಲ್ಲೇ ಇದೆ. ಅಲ್ಲಿ ಡ್ರ್ಯಾಗ್ ರೇಸ್ ನಡೆಸುವ ಎನ್‌ಎಚ್‌ಆರ್‌ಎ ಸಂಸ್ಥೆಯ ಪ್ರೋ ಸ್ಟಾಕ್ ವರ್ಗದಲ್ಲಿ ಎಂಜಿನ್ 500 ಘನ ಅಂಗುಲ, ಅಂದರೆ ಸುಮಾರು 8.2 ಲೀಟರ್, ಮೀರಬಾರದೆಂಬ ನಿಯಮ 1982ರಿಂದ ಇದೆ. ಸಿಸಿಗೆ ಮಿತಿ ಇದ್ದು, ಬ್ಲಾಕನ್ನು ರೇಸಿಗೆಂದೇ ಹೊಸದಾಗಿ ಎರಕ ಹೊಯ್ಯುವ ಆ ವರ್ಗದಲ್ಲಿ ಯಾರೂ ಸ್ಟ್ರೋಕ್ ಉದ್ದ ಮಾಡಲು ಹೋಗುವುದಿಲ್ಲ. ಬೋರನ್ನು ಅಗಲ ಮಾಡಿ, ಸ್ಟ್ರೋಕನ್ನು ಗಿಡ್ಡ ಇಟ್ಟು, ದೊಡ್ಡ ವಾಲ್ವುಗಳಿಗೆ ಜಾಗ ಮಾಡಿಕೊಂಡು ಎಂಜಿನ್ನನ್ನು ಅತಿ ವೇಗದಲ್ಲಿ ತಿರುಗಿಸುತ್ತಾರೆ. ಎಷ್ಟರ ಮಟ್ಟಿಗೆ ಎಂದರೆ 2016ರಲ್ಲಿ ಸಂಸ್ಥೆಯೇ 10,500 ಆರ್‌ಪಿಎಂ ಮಿತಿ ಹಾಕಬೇಕಾಯಿತು. ಕೈಯಲ್ಲಿರುವ ಬ್ಲಾಕಿನಿಂದಲೇ ಹೆಚ್ಚು ಸಿಸಿ ಹಿಂಡಬೇಕಾದವನಿಗೆ ಸ್ಟ್ರೋಕರ್ ಸರಿಯಾದ ಉತ್ತರ. ಬೋರ್ ಮಾಡಿಸಲು ಇನ್ನೂ ಅವಕಾಶವಿರುವವನು ಮೊದಲು ಅದನ್ನು ಮುಗಿಸಿಕೊಳ್ಳುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ.

ಈಗ ಪ್ರಸಿದ್ಧವಾದ 383ರ ಲೆಕ್ಕಕ್ಕೆ ಬರೋಣ. ಇಲ್ಲಿನ 350, 383, 400 ಎಂಬ ಹೆಸರುಗಳು ಘನ ಅಂಗುಲದವು, ಬುಲೆಟ್ಟಿನಂತೆ ಸಿಸಿಯವಲ್ಲ. ಆ ಚಿಕ್ಕ ಬ್ಲಾಕಿನ ಷೆವರ್ಲೆ 350ರ ಬೋರ್ 101.6, ಸ್ಟ್ರೋಕ್ 88.4, ಎಂಟು ಸಿಲಿಂಡರಿಗೆ ಒಟ್ಟು 5,733 ಸಿಸಿ. 1970ರಲ್ಲಿ ಅದೇ ಕಂಪನಿ 400 ಘನ ಅಂಗುಲದ ಇನ್ನೊಂದು ಎಂಜಿನ್ ತಂದಿತು. ಅದರ ಸ್ಟ್ರೋಕ್ 95.25. ಆ ಕ್ರ್ಯಾಂಕಿನ ಮೇನ್ ಜರ್ನಲ್ಲುಗಳು, ಅಂದರೆ ಬ್ಲಾಕಿನ ಬೇರಿಂಗುಗಳಲ್ಲಿ ಕೂತು ತಿರುಗುವ ಭಾಗಗಳು, 67.3 ಮಿಲಿಮೀಟರ್ ದಪ್ಪ, 350ರ ಬ್ಲಾಕಿನಲ್ಲಿ ಕೂರುವಂಥವು 62.2 ಮಿಲಿಮೀಟರ್. ಹಾಗಾಗಿ ಅಲ್ಲಿನ ಹವ್ಯಾಸಿಗಳು 400ರ ಕ್ರ್ಯಾಂಕನ್ನು ಗ್ರೈಂಡಿಂಗಿಗೆ ಕೊಟ್ಟು, ಮೇನ್‌ಗಳನ್ನು ಸಣ್ಣ ಮಾಡಿಸಿ, 350ರ ಬ್ಲಾಕಿಗೆ ಇಳಿಸಿದರು. ಬೋರನ್ನು 30 ಥೌ, ಅಂದರೆ ಸುಮಾರು ಮುಕ್ಕಾಲು ಮಿಲಿಮೀಟರ್, ಹೆಚ್ಚಿಸಿದಾಗ ಒಟ್ಟು 383 ಘನ ಅಂಗುಲ, 6,270 ಸಿಸಿಯಷ್ಟು ಆಯಿತು: ಶೇಕಡಾ 9.4ರಷ್ಟು ಏರಿಕೆ. ಇಂದು ಆ ಅಳತೆಯ ಕ್ರ್ಯಾಂಕುಗಳು ನೇರವಾಗಿ ಮಾರಾಟಕ್ಕೆ ಸಿಗುತ್ತವೆ.

ಕ್ರ್ಯಾಂಕ್ ಕೂತ ಮಾತ್ರಕ್ಕೆ ಪಿಸ್ಟನ್ ಕೂರುವುದಿಲ್ಲ. ಕ್ರ್ಯಾಂಕಿನ ನಡುಗೆರೆಯಿಂದ ಹೆಡ್ ಕೂರುವ ಮುಖದವರೆಗಿನ ದೂರ ಈ ಬ್ಲಾಕಿನಲ್ಲಿ 229.2 ಮಿಲಿಮೀಟರ್, ಇದನ್ನು ಡೆಕ್ ಎತ್ತರ ಎನ್ನುತ್ತಾರೆ. ಸ್ಟ್ರೋಕಿನ ಅರ್ಧ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಉದ್ದ, ಪಿಸ್ಟನ್ ಪಿನ್ನಿನ ನಡುವಿನಿಂದ ಪಿಸ್ಟನ್ ತಲೆಯವರೆಗಿನ ಎತ್ತರ, ಈ ಮೂರರ ಮೊತ್ತ ಆ ದೂರದೊಳಗೆ ಹಿಡಿಯಬೇಕು. ಮೂಲ 350ರಲ್ಲಿ 44.2, 144.8, 39.6 ಸೇರಿ 228.6 ಆಗುತ್ತದೆ, ಪಿಸ್ಟನ್ ಮೇಲ್ತುದಿಗೆ ಬಂದಾಗ ಡೆಕ್ಕಿಗಿಂತ ಅರ್ಧ ಮಿಲಿಮೀಟರಿನಷ್ಟು ಕೆಳಗೆ ನಿಲ್ಲುತ್ತದೆ. 383ರಲ್ಲಿ ಸ್ಟ್ರೋಕಿನ ಅರ್ಧ 47.6ಕ್ಕೆ ಏರುವುದರಿಂದ, ಹಳೆಯ ರಾಡನ್ನೇ ಉಳಿಸಿಕೊಂಡರೆ ಪಿಸ್ಟನ್ನಿನ ಆ ಎತ್ತರ 36.2ಕ್ಕೆ ಇಳಿಯಬೇಕು. 152.4 ಮಿಲಿಮೀಟರಿನ ಉದ್ದ ರಾಡ್ ಹಾಕಿದರೆ 28.6ಕ್ಕೆ ಇಳಿಯಬೇಕು. ಅಷ್ಟು ಗಿಡ್ಡವಾದ ಪಿಸ್ಟನ್ನಿನಲ್ಲಿ ಪಿನ್ನಿನ ತೂತು ಆಯಿಲ್ ರಿಂಗ್ ಕೂರುವ ತೋಡನ್ನು ಕತ್ತರಿಸಿಕೊಂಡು ಹೋಗುತ್ತದೆ. ರಿಂಗಿಗೆ ಆಧಾರವಾಗಿ ತೆಳ್ಳನೆಯ ಪಟ್ಟಿಯೊಂದನ್ನು ಕೂರಿಸಬೇಕಾಗುತ್ತದೆ. ಹಾಗಿದ್ದೂ ಉದ್ದ ರಾಡನ್ನು ಹಲವರು ಆರಿಸುವುದಕ್ಕೆ ಕಾರಣವಿದೆ. ಸ್ಟ್ರೋಕ್ ಬೆಳೆದಂತೆ ರಾಡ್ ಹೆಚ್ಚು ಓರೆಯಾಗಿ ನಿಂತು ಪಿಸ್ಟನ್ನನ್ನು ಸಿಲಿಂಡರ್ ಗೋಡೆಗೆ ಒತ್ತುತ್ತದೆ: 350ರಲ್ಲಿ ಈ ಓರೆ ಹೆಚ್ಚೆಂದರೆ 17.8 ಡಿಗ್ರಿ, ಹಳೆಯ ರಾಡಿನ 383ರಲ್ಲಿ 19.2, ಉದ್ದ ರಾಡಿನಲ್ಲಿ 18.2. ವ್ಯತ್ಯಾಸ ದೊಡ್ಡದೇನಲ್ಲ, ಇದೊಂದನ್ನೇ ಹಿಡಿದು ಗಂಟೆಗಟ್ಟಲೆ ವಾದಿಸುವವರ ಉತ್ಸಾಹ ನನಗೆ ಅರ್ಥವಾಗಿಲ್ಲ. ಆದರೆ ಗಿಡ್ಡ ಪಿಸ್ಟನ್ ಹಗುರವೂ ಆಗಿರುತ್ತದೆ ಎಂಬುದು ನಿಜವಾದ ಲಾಭ.

ಹೊಸ ಕ್ರ್ಯಾಂಕ್ ಕೊಳ್ಳದೆ ಸ್ಟ್ರೋಕ್ ಹೆಚ್ಚಿಸುವ ಉಪಾಯವೂ ಒಂದಿದೆ. ನಮ್ಮ ಕ್ರ್ಯಾಂಕ್ ಗ್ರೈಂಡಿಂಗ್ ಅಂಗಡಿಯವರಿಗೆ ಅದರ ತತ್ವ ಕೂಡಲೇ ಹೊಳೆಯುತ್ತದೆ. ಸವೆದ ರಾಡ್ ಜರ್ನಲ್ಲನ್ನು, ಅಂದರೆ ರಾಡ್ ಕೂರುವ ಭಾಗವನ್ನು, ಅಂಡರ್‌ಸೈಜ್ ಮಾಡುವಾಗ ಅದರ ನಡುಗೆರೆ ಇದ್ದಲ್ಲೇ ಇರುವಂತೆ ಸುತ್ತಲೂ ಸಮನಾಗಿ ಉಜ್ಜುತ್ತಾರೆ. ಅದರ ಬದಲು, ಹೊರ ಅಂಚನ್ನು ಮುಟ್ಟದೆ ಒಳಬದಿಯಿಂದ ಮಾತ್ರ ಲೋಹ ತೆಗೆದರೆ ಜರ್ನಲ್ಲಿನ ನಡುಗೆರೆ ಹೊರಕ್ಕೆ ಸರಿಯುತ್ತದೆ. 53.34 ಮಿಲಿಮೀಟರಿನ ಜರ್ನಲ್ 50.8ಕ್ಕೆ ಇಳಿದಾಗ ನಡುಗೆರೆ 1.27 ಸರಿದು, ಸ್ಟ್ರೋಕ್ ಅದರ ಎರಡರಷ್ಟು, 2.54 ಮಿಲಿಮೀಟರ್, ಬೆಳೆಯುತ್ತದೆ. ಆ ಸಣ್ಣ ಜರ್ನಲ್ಲಿಗೆ ಹೊಂದುವ ರಾಡ್ ಮತ್ತು ಬೇರಿಂಗ್ ಬೇಕು; ಜರ್ನಲ್ಲಿನ ಮೂಲೆಯ ದುಂಡು ಹಾಳಾಗದಂತೆ ಉಜ್ಜಬೇಕು, ಏಕೆಂದರೆ ಕ್ರ್ಯಾಂಕ್ ಸೀಳುವುದು ಸಾಮಾನ್ಯವಾಗಿ ಆ ಮೂಲೆಯಿಂದಲೇ; ಮೇಲ್ಪದರ ಗಟ್ಟಿಮಾಡಿದ ಕ್ರ್ಯಾಂಕಾಗಿದ್ದರೆ ಆ ಸಂಸ್ಕಾರವನ್ನು ಮತ್ತೆ ಮಾಡಿಸಬೇಕು. ಬುಲೆಟ್ಟಿನಂಥ, ಪ್ರೆಸ್ ಹಾಕಿ ಜೋಡಿಸುವ ಕ್ರ್ಯಾಂಕಿನಲ್ಲಿ ಇದೇ ಕೆಲಸವನ್ನು ನಡುಗೆರೆ ಸರಿಸಿದ ಪಿನ್ನಿನಿಂದ ಮಾಡಿಸುತ್ತಾರೆ.

ಎಲ್ಲ ಅಳತೆಯೂ ಕೂಡಿಬಂದ ಮೇಲೆ ಒಣ ಜೋಡಣೆ. ನಮ್ಮ ಕಡೆಯ ಹಿರಿಯ ಮೇಸ್ತ್ರಿಯೊಬ್ಬರು ಇದನ್ನು ಒಂದೇ ಸಾಲಿನಲ್ಲಿ ಹೇಳಿದ್ದುಂಟು: "ಬೋರ್ ಹೊಡಿಯೋದು ದೊಡ್ಡ ಮಾತಲ್ಲರಿ ಅಣ್ಣಾರ, ಕ್ರ್ಯಾಂಕ್ ಎಲ್ಲಿ ಬಡೀತದ ಅಂತ ಮೊದಲ ಕೈಲೆ ತಿರುಗಿಸಿ ನೋಡ್ರಿ." ಒಂದು ಪಿಸ್ಟನ್, ಒಂದು ರಾಡ್, ಹಳೆಯ ಬೇರಿಂಗುಗಳನ್ನು ಹಾಕಿ, ರಿಂಗ್ ಇಲ್ಲದೆ ಕ್ರ್ಯಾಂಕನ್ನು ನಿಧಾನವಾಗಿ ಪೂರ್ತಿ ಎರಡು ಸುತ್ತು ತಿರುಗಿಸಬೇಕು, ಏಕೆಂದರೆ ವಾಲ್ವುಗಳನ್ನು ತೆರೆಯುವ ಕ್ಯಾಮ್ ಒಂದು ಸುತ್ತು ಮುಗಿಸುವುದಕ್ಕೆ ಕ್ರ್ಯಾಂಕ್ ಎರಡು ಸುತ್ತಬೇಕು. 383ರಲ್ಲಿ ರಾಡ್ ಬೋಲ್ಟಿನ ತಲೆ ಸಿಲಿಂಡರಿನ ಕೆಳತುದಿಗೂ, ಆಯಿಲ್ ಪ್ಯಾನ್ ಕೂರುವ ಅಂಚಿಗೂ, ಕೆಲವೊಮ್ಮೆ ಕ್ಯಾಮಿಗೂ ತಾಗುತ್ತದೆ. ತಾಗುವ ಜಾಗಕ್ಕೆ ಗುರುತು ಹಾಕಿ, ಕನಿಷ್ಠ ಒಂದೂವರೆ ಮಿಲಿಮೀಟರ್ ಬಿಡುವು ಸಿಗುವಷ್ಟು ಬ್ಲಾಕನ್ನು ಉಜ್ಜುತ್ತಾರೆ; ಅದರ ಹಿಂದೆಯೇ ನೀರಿನ ದಾರಿ ಇರುವುದರಿಂದ ಕೈ ಬಿಗಿಹಿಡಿದು ಉಜ್ಜಬೇಕು. ಪ್ರತಿ ಸಿಲಿಂಡರಿಗೂ ಈ ಪರೀಕ್ಷೆ ಬೇಕು, ಎರಕದ ಬ್ಲಾಕಿನಲ್ಲಿ ಒಂದು ಸಿಲಿಂಡರಿನಂತೆ ಇನ್ನೊಂದು ಇರುವುದಿಲ್ಲ. ನಂತರ ವಾಲ್ವಿನ ಸರದಿ. ಮಕ್ಕಳು ಆಡುವ ಮೇಣದ ಮಣ್ಣಿನ ತೆಳು ಪದರವನ್ನು ಪಿಸ್ಟನ್ ತಲೆಯ ಮೇಲೆ ಮೆತ್ತಿ, ಹೆಡ್ ಕೂರಿಸಿ, ಬೋಲ್ಟ್ ಬಿಗಿದು, ಮತ್ತೆ ಎರಡು ಸುತ್ತು ತಿರುಗಿಸಿ, ಹೆಡ್ ತೆಗೆದು, ಮಣ್ಣಿನಲ್ಲಿ ವಾಲ್ವ್ ಒತ್ತಿದ ಗುರುತನ್ನು ಬ್ಲೇಡಿನಿಂದ ಸೀಳಿ ದಪ್ಪ ಅಳೆಯುತ್ತಾರೆ. ಇನ್‌ಟೇಕ್ ಕಡೆ 2, ಎಕ್ಸಾಸ್ಟ್ ಕಡೆ 2.5 ಮಿಲಿಮೀಟರ್ ಉಳಿದಿರಬೇಕೆಂಬುದು ರೂಢಿಯ ನಿಯಮ.

ಇನ್ನು ಬಲಗಳ ಮಾತು. 6,500 ಆರ್‌ಪಿಎಂನಲ್ಲಿ 350ರ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 19.2 ಮೀಟರ್, 383ರದ್ದು 20.6. ಸರಾಸರಿಗಿಂತ ಮುಖ್ಯವಾದದ್ದು ಮೇಲ್ತುದಿಯಲ್ಲಿ ಪಿಸ್ಟನ್ ನಿಂತು ದಿಕ್ಕು ಬದಲಿಸುವ ಗಳಿಗೆ. ಆಗ 350ರಲ್ಲಿ ಅದರ ವೇಗೋತ್ಕರ್ಷ ಗುರುತ್ವದ 2,700 ಪಟ್ಟು ಆಸುಪಾಸಿನಲ್ಲಿದ್ದರೆ, 383ರಲ್ಲಿ 3,000 ಪಟ್ಟಿಗೆ ಹತ್ತಿರವಾಗುತ್ತದೆ. ಪಿಸ್ಟನ್, ಪಿನ್, ರಿಂಗುಗಳು, ರಾಡಿನ ಮೇಲ್ಭಾಗ ಎಲ್ಲ ಸೇರಿ 700 ಗ್ರಾಂ ಎಂದುಕೊಂಡರೂ, ರಾಡನ್ನು ಎಳೆಯುವ ಬಲ ಎರಡು ಟನ್ನಿಗೆ ಬರುತ್ತದೆ. ಪವರ್ ಸ್ಟ್ರೋಕಿಗೆ ಮುಂಚಿನ ಮೇಲ್ತುದಿಯಲ್ಲಿ ಸುಡುವ ಅನಿಲದ ಒತ್ತಡ ಎದುರು ನಿಂತು ಈ ಎಳೆತವನ್ನು ಕಡಿಮೆ ಮಾಡುತ್ತದೆ. ಎಕ್ಸಾಸ್ಟ್ ಮುಗಿಯುವ ಮೇಲ್ತುದಿಯಲ್ಲಿ ಅಂಥ ತಡೆಯಿಲ್ಲ, ಪೂರ್ತಿ ಎಳೆತ ಎರಡು ರಾಡ್ ಬೋಲ್ಟುಗಳ ಮೇಲೆಯೇ ಬೀಳುತ್ತದೆ. ಆದ್ದರಿಂದ ರೇಸ್ ಎಂಜಿನ್ನಿನಲ್ಲಿ ಆ ಬೋಲ್ಟನ್ನು ಟಾರ್ಕ್ ರೆಂಚ್ ತೋರಿಸುವ ಅಂಕೆಯ ಮೇಲೆ ಮಾತ್ರ ನಂಬದೆ, ಬಿಗಿದಾಗ ಅದು ಎಷ್ಟು ಹಿಗ್ಗಿತೆಂದು ಮೈಕ್ರೋಮೀಟರಿನಿಂದ ಅಳೆಯುತ್ತಾರೆ. ಹಣ ಉಳಿಸಲು ಇನ್ನೆಲ್ಲಿಯಾದರೂ ನೋಡಬಹುದು, ಇಲ್ಲಿ ನೋಡಬಾರದು.

ಬ್ಯಾಲೆನ್ಸಿಂಗ್ ಕೂಡ ಹೊಸದಾಗಿ ಆಗಬೇಕು. 400ರ ಮೂಲ ಕ್ರ್ಯಾಂಕಿನಲ್ಲಿ ತೂಕದ ಒಂದು ಭಾಗ ಫ್ಲೈವೀಲ್ ಮತ್ತು ಮುಂದಿನ ಡ್ಯಾಂಪರಿನ ಮೇಲಿರುತ್ತದೆ. ಅದನ್ನು ಬಳಸಿ 350ರ ಫ್ಲೈವೀಲ್ ಹಾಕಿದರೆ ಎಂಜಿನ್ ನಡುಗಿ ಬೇರಿಂಗ್ ತಿನ್ನುತ್ತದೆ. ಬ್ಲಾಕಿಗೆ ಬಿಗುವು ಕೊಡಲು ಕೆಲವರು ನೀರಿನ ದಾರಿಯ ಕೆಳಭಾಗಕ್ಕೆ ಕುಗ್ಗದ ಸಿಮೆಂಟ್ ಜಾತಿಯ ಗಾರೆ ತುಂಬುತ್ತಾರೆ. ವಾಡಿ, ಸೇಡಂ, ಮಳಖೇಡದ ಸಿಮೆಂಟಿನ ನಡುವೆ ಬದುಕುವ ನಮಗೆ ಇದು ತಮಾಷೆಯಾಗಿ ಕಾಣಬಹುದು, ಆದರೆ ಮನೆ ಕಟ್ಟುವ ಸಿಮೆಂಟು ಈ ಕೆಲಸಕ್ಕೆ ಬಾರದು. ಹತ್ತು ಹನ್ನೆರಡು ಸೆಕೆಂಡಿನಲ್ಲಿ ಓಟ ಮುಗಿಯುವುದರಿಂದ ತಂಪು ಕಡಿಮೆಯಾದರೂ ನಡೆಯುತ್ತದೆ. ರಸ್ತೆಯ ಗಾಡಿಗೆ ನಡೆಯುವುದಿಲ್ಲ.

ಸ್ಟ್ರೋಕ್ ಬೆಳೆದಾಗ ಯಾರೂ ಕೇಳದಿದ್ದರೂ ಬೆಳೆಯುವ ಇನ್ನೊಂದು ಅಂಕೆ ಕಂಪ್ರೆಷನ್ ಅನುಪಾತ, ಅಂದರೆ ಸಿಲಿಂಡರಿನೊಳಗಿನ ಮಿಶ್ರಣ ಎಷ್ಟು ಪಟ್ಟು ಕುಗ್ಗುತ್ತದೆ ಎಂಬುದು. 350ರ ಒಂದು ಸಿಲಿಂಡರ್ 717 ಸಿಸಿ. ಅನುಪಾತ 9 ಇದ್ದರೆ ಮೇಲೆ ಉಳಿಯುವ ಕೋಣೆ ಸುಮಾರು 90 ಸಿಸಿ. ಅದೇ ಕೋಣೆಯನ್ನು ಉಳಿಸಿಕೊಂಡು 784 ಸಿಸಿಯ ಸಿಲಿಂಡರ್ ಮಾಡಿದರೆ ಅನುಪಾತ ತಾನಾಗಿ 9.7ಕ್ಕೆ ಹತ್ತುತ್ತದೆ. ಬಂಕಿನ ಸಾಮಾನ್ಯ ಪೆಟ್ರೋಲಿನ ಮೇಲೆ, ಕಾದ ಗಾಳಿಯಲ್ಲಿ, ಪೂರ್ತಿ ಥ್ರಾಟಲ್ ಕೊಟ್ಟರೆ ಇಂಥ ಎಂಜಿನ್ ಕುಟ್ಟಲು ಶುರುಮಾಡುತ್ತದೆ, ಅಂದರೆ ಮಿಶ್ರಣ ಹದವಾಗಿ ಉರಿಯದೆ ತಾನಾಗಿ ಸಿಡಿಯುತ್ತದೆ; ಕುಟ್ಟುವ ಎಂಜಿನ್ನಿನ ಪಿಸ್ಟನ್ ಬಹಳ ದಿನ ಉಳಿಯುವುದಿಲ್ಲ. ಬಟ್ಟಲಿನಂತೆ ತಗ್ಗಿದ ತಲೆಯ ಪಿಸ್ಟನ್ ಹಾಕಿ ಅನುಪಾತವನ್ನು ಇಳಿಸಬೇಕು, ಇಲ್ಲವೆ ಕುಟ್ಟುವಿಕೆಯನ್ನು ಇನ್ನೂ ಚೆನ್ನಾಗಿ ತಡೆಯುವ, ಅಂದರೆ ಹೆಚ್ಚು ಆಕ್ಟೇನಿನ, ಪೆಟ್ರೋಲಿಗೆ ಹೋಗಬೇಕು. ಬೀದರ ಕಡೆಯ ಕಬ್ಬಿನ ಪಾಲೂ ಇರುವ ಎಥನಾಲ್ ಈಗ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಬೆರೆತು ಬರುತ್ತಿದ್ದು, ಅದು ಕುಟ್ಟುವಿಕೆಯನ್ನು ತಡೆಯುತ್ತದೆಯಾದರೂ ಹೆಚ್ಚು ಇಂಧನ ಬೇಡುತ್ತದೆ. ಬರೀ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಸರಿಯಾದರೆ, ಈ ಮಿಶ್ರಣಕ್ಕೆ 13.5ರಷ್ಟು. ಕಾರ್ಬ್ಯುರೇಟರಿನ ಜೆಟ್ಟನ್ನು, ಅಂದರೆ ಇಂಧನ ಬರುವ ತೂತನ್ನು, ಅದಕ್ಕೆ ತಕ್ಕಂತೆ ದೊಡ್ಡದು ಮಾಡದಿದ್ದರೆ ಎಂಜಿನ್ ಇಂಧನ ಸಾಲದೆ ಓಡುತ್ತದೆ.

ಉಸಿರಾಟವೇ ಕೊನೆಗೂ ತೀರ್ಮಾನ ಹೇಳುವುದು. 6.27 ಲೀಟರಿನ ಎಂಜಿನ್ 6,500 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 20 ಘನ ಮೀಟರ್ ಗಾಳಿ ಎಳೆಯಬೇಕು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆ ಒಂದೂವರೆ ನಿಮಿಷದೊಳಗೆ ಬರಿದಾದಂತೆ. ವಾಲ್ವುಗಳೂ ಗಾಳಿಯ ದಾರಿಯೂ ಇರುವ ಹಳೆಯ ಹೆಡ್ಡನ್ನೇ ಇಟ್ಟುಕೊಂಡರೆ ಅದು ಬಿಡುವ ಗಾಳಿ ಮೊದಲಿನಷ್ಟೇ ಇರುತ್ತದೆ. ಆಗ ಕೆಳಗಿನ ವೇಗಗಳಲ್ಲಿ ಟಾರ್ಕ್ ಚೆನ್ನಾಗಿ ಏರುತ್ತದೆ, ಆದರೆ ಹಾರ್ಸ್‌ಪವರಿನ ಶಿಖರ ಬಹಳ ಏರದೆ ಕೆಳಗಿನ ಆರ್‌ಪಿಎಂಗೆ ಸರಿಯುತ್ತದೆ: 6,000ದಲ್ಲಿದ್ದದ್ದು 5,500ರ ಆಸುಪಾಸಿಗೆ. ಕ್ರ್ಯಾಂಕಿಗೆ ಹಣ ಸುರಿದು ಹೆಡ್ಡನ್ನು ಮರೆತವರು ಎಂಜಿನ್ ಮೇಲಕ್ಕೆ ಎಳೆಯುವುದಿಲ್ಲ ಎಂದು ದೂರುವುದು ಇದಕ್ಕೇ. ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮನ್ನು ಮಾತ್ರ ಸ್ಟ್ರೋಕರ್ ಸುಲಭವಾಗಿ ಅರಗಿಸಿಕೊಳ್ಳುತ್ತದೆ. 350ರಲ್ಲಿ ಐಡಲ್ ನಿಲ್ಲದೆ ಸತಾಯಿಸುವ ಕ್ಯಾಮ್ 383ರಲ್ಲಿ ಸಾಕಷ್ಟು ಸಾಧುವಾಗಿ ವರ್ತಿಸುತ್ತದೆ.

ಗಾಳಿಯ ಮಾತು ಬಂದಾಗ ನಮ್ಮ ಬಿಸಿಲನ್ನು ಬಿಡುವಂತಿಲ್ಲ. ಸಮುದ್ರಮಟ್ಟದಲ್ಲಿ 15 ಡಿಗ್ರಿಯ ಗಾಳಿ ಘನ ಮೀಟರಿಗೆ 1.225 ಕಿಲೋಗ್ರಾಂ ತೂಗುತ್ತದೆ. ಸುಮಾರು 450 ಮೀಟರ್ ಎತ್ತರದ ಕಲಬುರಗಿಯಲ್ಲಿ, ಡಿಸೆಂಬರಿನ 15 ಡಿಗ್ರಿಯ ಬೆಳಗಿನಲ್ಲಿ ಅದು 1.16ರಷ್ಟು, ಮೇ ತಿಂಗಳ 42 ಡಿಗ್ರಿಯ ಮಧ್ಯಾಹ್ನದಲ್ಲಿ 1.06ರಷ್ಟು. ಇವೆರಡರ ನಡುವೆ ಶೇಕಡಾ 8ಕ್ಕೂ ಹೆಚ್ಚು ಅಂತರವಿದೆ. ಕ್ರ್ಯಾಂಕ್, ರಾಡ್, ಪಿಸ್ಟನ್ ಬದಲಿಸಿ ಗಳಿಸಿದ ಶೇಕಡಾ 9.4ರಲ್ಲಿ ಬಹುಪಾಲನ್ನು ಒಂದು ಬೇಸಿಗೆ ನುಂಗಿಬಿಡುತ್ತದೆ. 600 ಮೀಟರಿಗೂ ಮೇಲಿರುವ ಬೀದರಿನಲ್ಲಿ ಸೆಖೆ ತುಸು ಕಡಿಮೆ, ಆದರೆ ಎತ್ತರದ ಕಾರಣ ಗಾಳಿಯೂ ತೆಳು. ತಂಪಿನಲ್ಲಿ ಹೊಂದಿಸಿದ ಜೆಟ್ ಮೇ ತಿಂಗಳಲ್ಲಿ ಅತಿ ದಪ್ಪ, ಅಂದರೆ ಇಂಧನ ಹೆಚ್ಚಾದ, ಮಿಶ್ರಣ ಕೊಡುತ್ತದೆ. ಬೇಸಿಗೆಯಲ್ಲಿ ಹೊಂದಿಸಿದ್ದು ಡಿಸೆಂಬರಿನಲ್ಲಿ ತೆಳುವಾಗುತ್ತದೆ, ಪಿಸ್ಟನ್ನಿಗೆ ಅಪಾಯ ಇರುವುದು ಈ ಎರಡನೆಯದರಿಂದ.

ಓಡಿಸುವ ಜಾಗದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಪೈಪೋಟಿಗೆ ಓಡಿಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಶಿಕ್ಷೆಗೆ ಗುರಿಯಾಗುವ ಅಪರಾಧ, ಮತ್ತು ನೋಂದಾಯಿತ ವಾಹನವನ್ನು ಮನಬಂದಂತೆ ಮಾರ್ಪಡಿಸಲು 52ನೇ ಕಲಮು ಬಿಡುವುದಿಲ್ಲ. ರಿಂಗ್ ರೋಡ್ ರಾತ್ರಿ ಖಾಲಿಯಿದೆ ಎಂಬುದು ಉತ್ತರವಲ್ಲ. ಬೈಕುಗಳ ಅಧಿಕೃತ ಡ್ರ್ಯಾಗ್ ಸ್ಪರ್ಧೆಗಳು ಚೆನ್ನೈ ಹತ್ತಿರದ ಟ್ರ್ಯಾಕಿನಲ್ಲಿ ನಡೆಯುತ್ತವೆ.

ಉಳಿದದ್ದು ಗಿಯರ್. ಸ್ಟ್ರೋಕರ್ ಕಟ್ಟಿದವರು ಹಿಂದಿನ ಡಿಫರೆನ್ಷಿಯಲ್ ಅನುಪಾತವನ್ನು, ಅಂದರೆ ಚಕ್ರದ ಒಂದು ಸುತ್ತಿಗೆ ಗಿಯರ್‌ಬಾಕ್ಸಿನಿಂದ ಬರುವ ದಂಡ ಎಷ್ಟು ಸುತ್ತಬೇಕೆಂಬ ಅಂಕೆಯನ್ನು, ಹಾಗೆಯೇ ಬಿಡುವುದುಂಟು, ಆದರೆ ಶಕ್ತಿಯ ಶಿಖರ ಸರಿದಿರುವುದರಿಂದ ಅದೂ ಲೆಕ್ಕಕ್ಕೆ ಬರಬೇಕು. ಒಂದೂವರೆ ಟನ್ನಿನ ಕಾರು 450 ಹಾರ್ಸ್‌ಪವರಿನಲ್ಲಿ ಕಾಲು ಮೈಲಿಯ ಕೊನೆಗೆ ಗಂಟೆಗೆ 190 ಕಿಲೋಮೀಟರಿನ ಸುತ್ತಮುತ್ತ ಇರುತ್ತದೆ. ಚಕ್ರದ ಎತ್ತರ 28 ಅಂಗುಲವಾದರೆ ಆ ವೇಗದಲ್ಲಿ ಚಕ್ರ ನಿಮಿಷಕ್ಕೆ 1,417 ಸುತ್ತು ತಿರುಗುತ್ತದೆ. ಟಾಪ್ ಗಿಯರ್ ಒಂದಕ್ಕೊಂದು ಇದ್ದಾಗ, 3.73ರ ಡಿಫರೆನ್ಷಿಯಲ್ಲಿನಲ್ಲಿ ಎಂಜಿನ್ 5,290ರಲ್ಲಿ ಗೆರೆ ದಾಟುತ್ತದೆ, 4.10ರಲ್ಲಿ 5,810ರಲ್ಲಿ. ಶಿಖರ 5,500ರಲ್ಲಿರುವ ಎಂಜಿನ್ ಅದನ್ನು ತುಸು ದಾಟಿ ಗೆರೆ ಮುಟ್ಟಬೇಕು, ಆಗ ಓಟದ ಕೊನೆಯ ಭಾಗವೆಲ್ಲ ಶಿಖರದ ಎರಡೂ ಮಗ್ಗುಲಲ್ಲಿ ಕಳೆಯುತ್ತದೆ. ಹಾಗಾಗಿ ಈ ಕಾರಿಗೆ 4.10 ಸರಿ. ಮೊದಲಿನ 350ರ ಶಿಖರ 6,000ದಲ್ಲಿತ್ತು, ಶಕ್ತಿ ಕಡಿಮೆಯಿದ್ದುದರಿಂದ ಗೆರೆ ದಾಟುವ ವೇಗವೂ ಕಡಿಮೆಯಿತ್ತು, ಅದಕ್ಕೆ 4.10ಕ್ಕಿಂತ ದೊಡ್ಡ ಅನುಪಾತ ಬೇಕಾಗಿತ್ತು. ಅದನ್ನೇ 383ಕ್ಕೂ ಉಳಿಸಿಕೊಂಡರೆ ಗೆರೆ ಇನ್ನೂ ದೂರವಿರುವಾಗಲೇ ಎಂಜಿನ್ ಶಿಖರ ದಾಟಿ, ಕೊನೆಯ ನೂರು ಮೀಟರನ್ನು ಇಳಿಯುವ ಶಕ್ತಿಯಲ್ಲಿ ಓಡುತ್ತದೆ.